ಇಪ್ಪತ್ಮೂರನೇ ಕಂಬ

ಟೇಪಿನ ಸೊನ್ನೆಯ ತುದಿ ಮುನೀರ್ ಸಾಬರ ಕೈಲಿ,
ಮಿಕ್ಕ ಮೂವತ್ತು ಮೀಟರು ನನ್ನದು.
ಮೈಸೂರಿನ ತೆಂಕಲಿಗೆ, ನಂಜನಗೂಡಿನ ರಸ್ತೆ ಬದಿ.
ಕೆಡವುವ ಮುಂಚೆ ಅಳೆದಿಡಿ ಎಂದಿದ್ದಾರೆ,
ಅಳೆಯುತ್ತಿದ್ದೇವೆ.

ಗೋಡೆಯ ದಪ್ಪ ಎರಡೂಕಾಲು ಅಡಿ. ಸುಣ್ಣ, ಸುರ್ಕಿ,
ಕೆರೆದರೆ ಉಗುರಿಗೆ ಕೆಂಪು.
ಕಿಟಕಿಯ ಕಮಾನಿಗೆ ಹನ್ನೊಂದು ಇಟ್ಟಿಗೆ,
ನಡುವಿನದೊಂದು ತುಸು ಮುಂದೆ ಚಾಚಿದೆ,
ಗುಂಪು ಫೋಟೋದಲ್ಲಿ ಕತ್ತು ನೀಡಿದ ಹುಡುಗನ ಹಾಗೆ.

ಚಿಮಣಿಯನ್ನು ನೆರಳಿನಿಂದಲೇ ಅಳೆದೆವು,
ಸಾಬರ ಊರುಗೋಲು ನಿಲ್ಲಿಸಿ, ಅದರ ನೆರಳಿಗೆ ಹೋಲಿಸಿ.
ನೂರಾ ಹನ್ನೆರಡು ಅಡಿ, ಕೋಲಿನ ಲೆಕ್ಕದಲ್ಲಿ.
ಕೊರಳ ಪಟ್ಟಿಯಲ್ಲಿ ಕಟ್ಟಿದ ವರ್ಷವಿದೆ,
ಕೊನೆಯ ಅಂಕಿ ಉದುರಿಹೋಗಿದೆ.

ಮಾಡು ಗರಗಸದ ಹಲ್ಲು. ಒಂದು ಮೈ ಹೆಂಚು, ಒಂದು ಮೈ ಗಾಜು,
ಗಾಜೆಲ್ಲ ಬಡಗಣ ದಿಕ್ಕಿಗೆ.
ಬಿಸಿಲು ಬರಕೂಡದು, ಬೆಳಕು ಮಾತ್ರ ಬರಬೇಕು;
ಬಿಸಿಲು ಬಿದ್ದರೆ ನೂಲು ಒಣಗಿ ಹರಿಯುತ್ತದಂತೆ.
ಯಾರೋ ಕೂತು ಯೋಚಿಸಿದ್ದಾರೆ,
ಹತ್ತಿಗೆ ಎಷ್ಟು ತೇವ, ಎಷ್ಟು ನೆರಳು,
ಎಳೆ ಕಾಣುವುದಕ್ಕೆ ಎಷ್ಟು ಬೆಳಗು.
ಆ ಯೋಚನೆಯೊಳಗೆ ಮನುಷ್ಯರೂ ನಿಂತುಕೊಂಡರು,
ಎಂಟು ಗಂಟೆ, ಮೂರು ಪಾಳಿ.

ಹಳೆಯ ನಕ್ಷೆಯಲ್ಲಿ ಹದಿನೆಂಟು ಹಲ್ಲು.
ನಾವು ಎಣಿಸಿದ್ದು ಹದಿನೇಳು. ಮತ್ತೆ ಎಣಿಸಿದೆವು. ಹದಿನೇಳೇ.
"ಬುಡವ್ವ, ಕಟ್ಟೋವಾಗ್ಲೇ ದುಡ್ಡು ಸಾಲ್ದೆ ಬಂತೇನೋ"
ಎಂದವಳು ಜವರಮ್ಮ,
ರಿಂಗ್ ಫ್ರೇಮಿನಲ್ಲಿ ಇಪ್ಪತ್ತಾರು ವರ್ಷ ಹರಿದೆಳೆ ಕೂಡಿಸಿದವಳು.
ಕರೆದಿರಲಿಲ್ಲ. ಗೇಟು ತೆರೆದದ್ದು ಕಂಡು ಬಂದಿದ್ದಾಳೆ,
ಚಪ್ಪಲಿ ಹೊರಗೆ ಬಿಟ್ಟು.

ಅವಳು ನಡೆಯುವುದು ನೆಟ್ಟಗಲ್ಲ.
ಬರಿ ನೆಲದ ಮೇಲೆ ಸುತ್ತಿ ಬಳಸಿ ಬರುತ್ತಾಳೆ,
ಎಂದೋ ಹೊತ್ತೊಯ್ದ ಯಂತ್ರಗಳ ಸಂದಿಯಲ್ಲಿ.
ಒಂದು ಕಡೆ ಸೆರಗನ್ನು ಮೈಗೆ ಒತ್ತಿ ಹಿಡಿದಳು:
ಅಲ್ಲಿ ಬೆಲ್ಟು ಓಡುತ್ತಿತ್ತು.
ನನ್ನ ಹಾಳೆಯಲ್ಲಿ ಅಲ್ಲಿ ಏನೂ ಇಲ್ಲ.

"ಅದೇನವ್ವ ಬರ್ಕೊತಿದ್ದೀಯೆ?"
ಕಂಬ ಇಪ್ಪತ್ಮೂರು. ಎರಕದ ಕಬ್ಬಿಣ. ಸುತ್ತಳತೆ ಇಪ್ಪತ್ತೆರಡು ಅಂಗುಲ.
ಟೊಳ್ಳು.
"ಟೊಳ್ಳೇ ಕಣವ್ವ. ಮಾಡಿನ್ ನೀರು ಇದ್ರೊಳ್ಗೇ ಇಳ್ಯದು.
ಮಿಸಿನ್ ಸದ್ದಲ್ಲಿ ಗುಡುಗಿದ್ರೂ ಕೇಳ್ತಿರ್ಲಿಲ್ಲ ನಮ್ಗೆ,
ತುಟಿ ಆಡದ್ ನೋಡ್ಕಂಡೇ ಮಾತು.
ಗಾಜ್ಗೆ ಅರಳೆ ದೂಳು ಕುಂತು ಮ್ವಾಡಾನೂ ಕಾಣದು.
ಅದ್ಕೇ ಕಂಬುಕ್ಕೆ ಅಂಗೈ ಮಡಗ್ತಿದ್ದೊ. ತಣ್ಗಾದ್ರೆ ಮಳೆ.
ಒಬ್ಳು ಮಡಗದು, ಬೆರಳು ಹಿಂಗೆ ಅಲ್ಲಾಡ್ಸದು,
ಆ ತುದೀಗಂಟ ಗೊತ್ತಾಗೋಗದು,
ವಣಾಕಿದ್ ಬಟ್ಟೆ ಹೋಯ್ತು ಅಂತ."
ಈಗಲೂ ಒಂದೊಂದು ಮಾತನ್ನೂ ತುಟಿಯಲ್ಲಿ
ಎರಡು ಪಟ್ಟು ದೊಡ್ಡದು ಮಾಡಿಯೇ ಆಡುತ್ತಾಳೆ.

ನಾಲ್ಕೂವರೆಗೆ ಬೆಟ್ಟದ ಕಡೆಯಿಂದ ಕವಿಯಿತು.
ಗಾಜಿನ ಮೇಲೆ ಮೊದಲ ಹನಿಗಳು. ಕೇಳಿಸಿತು
ನನಗೆ, ಸಾಬರಿಗೆ, ತೊಲೆಯ ಪಾರಿವಾಳಗಳಿಗೆ.
ಜವರಮ್ಮ ಕಿವಿಯನ್ನು ನಂಬಲಿಲ್ಲ.
ಹೋಗಿ ಕಂಬಕ್ಕೆ ಅಂಗೈ ಇಟ್ಟಳು.

ಮೇಲೆ, ಎರಡು ಹಲ್ಲುಗಳ ನಡುವಿನ ದೋಣಿಯಲ್ಲಿ
ಅರಳಿ ಗಿಡವೊಂದು ಆಳೆತ್ತರ ಬೆಳೆದಿದೆ,
ಬೇರು ಕಂಬದ ಬಾಯಿ ಕಟ್ಟಿದೆ.
ಬೆಳಿಗ್ಗೆಯೇ ನೋಡಿ ಬರೆದುಕೊಂಡಿದ್ದೆ: ಸಸ್ಯ, ಹಾನಿ.
ಹೇಳಬೇಕೆಂದುಕೊಂಡೆ.
ನೀರು ಆಗಲೇ ನಾಲ್ಕು ಮಾರು ಆಚೆ
ಗಾರೆಯ ಮೇಲೆ ದಬದಬ ಸುರಿಯತೊಡಗಿತ್ತು.

ಮುನೀರ್ ಸಾಬರು ಟೇಪು ಸಡಿಲ ಬಿಟ್ಟರು.
"ಬಂತಾ?" ಎಂದರು, ಸದ್ದಿಲ್ಲದೆ, ತುಟಿಯಲ್ಲೇ.
ಅವಳು ತಲೆಯಾಡಿಸಿದಳು, ಇನ್ನೂ ಇಲ್ಲ,
ಕೈ ತೆಗೆಯಲಿಲ್ಲ.