ಚಿಲಕ

ಬಾಷಾ ನಗರದ ಮಂಡಕ್ಕಿ ಭಟ್ಟಿಗಳ ಹಿಂದೆ ನಮ್ಮ ಮನೆ.
ಹೊಟ್ಟಿನ ಹೊಗೆಗೆ ಗೋಡೆಯೂ ಕೆಮ್ಮುತ್ತಿತ್ತು.
ರಜಾಯಿಯೊಳಗೆ ಮೊಬೈಲು, ಮೊಬೈಲಿನೊಳಗೆ
ಸತ್ತೆದ್ದವರ ಸಿನಿಮಾ,
ಶಬ್ದ ಪೂರಾ ಇಳಿಸಿ.
ನಾನು, ತಮ್ಮ ಜಬೀವುಲ್ಲಾ.

ಅದರಲ್ಲೂ ಒಬ್ಬ ಅಪ್ಪ.
ಕಚ್ಚಿಸಿಕೊಂಡ ಮಣಿಕಟ್ಟನ್ನು ತೋಳಿನೊಳಗೆ ಮುಚ್ಚಿಟ್ಟು
ಒಂದೇ ಕೈಯಲ್ಲಿ ಮಗಳ ಜಡೆ ಹೆಣೆಯಲು ನೋಡುತ್ತಾನೆ.
"ಈಗ ಕಣ್ಣು ಬೆಳ್ಳಗಾಗ್ತಾವೆ ನೋಡು" ಅಂದ ಜಬ್ಬು.
ಹತ್ತು ಸಲ ನೋಡಿದ್ದ.

ಅಬ್ಬಾ ಮಲಗಿದ್ದಾಗ ನಾನೂ ಹುಡುಕಿದ್ದೇನೆ
ಟಾರ್ಚು ಹಿಡಿದು, ಕತ್ತು, ಕಾಲು, ಕಿವಿಯ ಹಿಂದೆ:
ಬೂದಿ, ಕಾದ ಮರಳಿನ ಬೊಬ್ಬೆ.
ಎಲ್ಲೂ ಹಲ್ಲಿನ ಗುರುತಿಲ್ಲ.

ರಾತ್ರಿ ಒಂದೂವರೆ.
ಬಾಗಿಲಿಗೆ ಅಮ್ಮಿ ತಳ್ಳಿದ ಟ್ರಂಕು,
ಅದರ ಮೇಲೆ ಮಂಡಕ್ಕಿ ಚೀಲ
(ಏನು ಭಾರ ಅದು, ಬರೀ ಗಾಳಿ),
ಅದರ ಮೇಲೆ ನಾವಿಬ್ಬರು.

ಸಿನಿಮಾದವರಿಗೆ ಮಕ್ಕಳ ಹೆಸರು ಮರೆತಿರುತ್ತದೆ.
ಅಬ್ಬಾ ಕರೆಯುತ್ತಿದ್ದ,
ಒದೆಯ ನಡುವೆ, ಮುದ್ದಿನ ಹೆಸರೂ ಸೇರಿಸಿ:
"ಫಿರ್ದೋಸ್... ಫಿದ್ದೂ... ತೆಗಿ ಬೇಟಾ."

ಈಗ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆ.
ಗಂಡ ಹಾಲು ತಂದು ಮೆಲ್ಲಗೇ ತಟ್ಟುತ್ತಾನೆ.
ಚಿಲಕ ಸರಿಸುವ ಮೊದಲು
ಕಿಟಕಿಯ ಸಂದಿಯಿಂದ
ಅವನ ಮಣಿಕಟ್ಟು ನೋಡುತ್ತೇನೆ.