ಪರಿಣತ ಸಾಕ್ಷಿ

ಬಾವುಟಗುಡ್ಡೆಯ ಕೋರ್ಟಿನಲ್ಲಿ ಹೆಸರು ಮೂರು ಸಲ ಕೂಗಿದರು,
ಮೂರು ಸಲವೂ ತಪ್ಪಾಗಿ.
ಪುಷ್ಪರಾಜ ಕಾಂಚನ್, ಬೆಂಗ್ರೆ. ಕೀಬೋರ್ಡ್, ಇಪ್ಪತ್ತಾರು ವರ್ಷ.
ಪ್ರಮಾಣ ಮಾಡಿದೆ.
ಬೆರಳುಗಳು ತಾವಾಗಿಯೇ ಕಟಕಟೆಯ ಮರದ ಮೇಲೆ
ಏನನ್ನೋ ಒತ್ತುತ್ತಿದ್ದವು.

ಈ ಕಡೆ ಬೋಳೂರಿನ ಜಗನ್ನಿವಾಸ:
ಅವನ ತುಳು ಆಲ್ಬಮ್ಮಿನ ಮೂರನೇ ಪದ್ಯ
ಸಿಟಿ ಬಸ್ಸುಗಳಲ್ಲಿ ಎರಡು ವರ್ಷ ಬಿಡದೆ ಓಡಿದ್ದು.
ಆ ಕಡೆ ವೆಲೆನ್ಸಿಯಾದ ಸಿಪ್ರಿಯನ್ ಲಸ್ರಾದೊ:
ಅವನ ಕೊಂಕಣಿ ಹಾಡಿಲ್ಲದೆ ಈಗ ರೋಸ್ ನಡೆಯುವುದಿಲ್ಲ,
ತೆಂಗಿನ ಹಾಲು ಮೆತ್ತಿಸಿಕೊಂಡ ಮದುಮಗ
ಕುಣಿಯುವುದೇ ಅದಕ್ಕೆ.
ಇಬ್ಬರೂ ನನ್ನನ್ನು ನೋಡಿ ನಕ್ಕರು.
ಇಬ್ಬರಿಗೂ ನಾನು ಪುಷ್ಪಣ್ಣ.

ಎರಡೂ ನುಡಿಸಿ ತೋರಿಸಿ, ಅಂದರು.
ಬಾಡಿಗೆಯ ಕೀಬೋರ್ಡು, ಒಂದು ಕರಿ ಮನೆ ಒತ್ತಿದರೆ ಏಳುವುದಿಲ್ಲ.
ಪ ಮ ಗ, ಗ ಮ ರಿ, ಆಮೇಲೆ ಆ ಸ,
ಇಳಿಯಲೋ ಬೇಡವೋ ಎಂದು
ಬಸ್ಸಿನ ಮೆಟ್ಟಿಲಲ್ಲಿ ನಿಂತವರ ಹಾಗೆ.
ಟೈಪಿಸ್ಟ್ ಹೆಂಗಸು ಕೈ ನಿಲ್ಲಿಸಿ ತಲೆ ತೂಗಿದಳು.
ಎರಡನೆಯದು ನುಡಿಸಿದೆ.
ಅದೇ ಜಾಗದಲ್ಲಿ ಮತ್ತೆ ತೂಗಿದಳು.
ಅದಕ್ಕಿಂತ ದೊಡ್ಡ ತೀರ್ಪು ಉಂಟಾ ಮಾರಾಯ್ರೆ?

ಏಳಕ್ಕೆ ಏಳೂ ಒಂದೇ, ಅಂದರು ಒಬ್ಬ ವಕೀಲರು.
ಇರುವುದೇ ಏಳಲ್ಲವೇ, ಅಂದರು ಇನ್ನೊಬ್ಬರು,
ಬಂಗುಡೆ ಎಲ್ಲ ಸಮುದ್ರದ್ದೇ ಸ್ವಾಮಿ,
ಪುಳಿಮುಂಚಿ ಯಾರದ್ದು, ಅದು ಪ್ರಶ್ನೆ.
ನ್ಯಾಯಾಧೀಶರು ನಗಲಿಲ್ಲ. ಸಸ್ಯಾಹಾರಿ ಇರಬೇಕು.
ನನ್ನ ಕಡೆ ತಿರುಗಿ ಕೇಳಿದರು:
ಮೊದಲು ಯಾರದ್ದು?

ಮೊದಲು.
ಹಂಪನಕಟ್ಟೆಯ ಲಿಫ್ಟಿಲ್ಲದ ಮೂರನೇ ಮಾಳಿಗೆ,
ಜಗನ್ನಿವಾಸ ಕೊಟ್ಟದ್ದು ಸಾವಿರದೈನೂರು.
ಪುಷ್ಪಣ್ಣ, ಇಲ್ಲಿ ಖಾಲಿ ಖಾಲಿ ಕೇಳ್ತದೆ,
ಎಂತಾದರೂ ತುಂಬಿಸಿ.
ತುಂಬಿಸಿದೆ.
ಐದು ವರ್ಷದ ಮೇಲೆ ಸಿಪ್ರಿಯನ್,
ಎರಡು ಸಾವಿರ, ಅವನಮ್ಮ ಕಟ್ಟಿಕೊಟ್ಟ ಸನ್ನ ಬೇರೆ.
ಅವನದೂ ಅದೇ ಮಾತು.
ನನ್ನ ಬೆರಳಿಗೂ ಗೊತ್ತಿದ್ದದ್ದು ಅದೇ ಉತ್ತರ.
ಮರೆತಿದ್ದೆ, ದೇವರಾಣೆ.
ಬಸ್ಸಿನಲ್ಲಿ ಎಷ್ಟು ಸಲ ಕೇಳಿದ್ದೇನೆ,
ಒಳ್ಳೆ ಉಂಟಲ್ಲ, ಯಾರದ್ದಪ್ಪ, ಅಂದುಕೊಂಡಿದ್ದೇನೆ.

ಇನ್ನೂ ಹಿಂದೆ ಹೋದರೆ ನನ್ನದೂ ಅಲ್ಲ.
ಬೆಳಗಿನ ಜಾವದ ದೋಣಿಯಲ್ಲಿ ಅಪ್ಪನ ಜೊತೆ ಧಕ್ಕೆಯಲ್ಲಿಳಿದರೆ
ಮಂಜುಗಡ್ಡೆಯ ಲಾರಿ ಹಿಂದೆ ಹಿಂದೆ ಬರುತ್ತ ಹಾಡುತ್ತಿತ್ತು,
ಪ ಮ ಗ, ಗ ಮ ರಿ,
ಪ ಮ ಗ, ಗ ಮ ರಿ,
ಹುಡುಗರೇ ಸರಿಯಿರಿ, ಬುಟ್ಟಿ ತೆಗೆಯಿರಿ.
ಡ್ರೈವರ್ ಗೇರು ಬದಲಿಸಿದನೋ, ಅಲ್ಲಿಗೇ ಮುಗಿಯಿತು.
ಆ ಸ ಮಾತ್ರ ನಾನು ಸೇರಿಸಿದ್ದು.
ನನ್ನ ಸ್ವಯಾರ್ಜಿತ ಅಷ್ಟೇ.

ಇದನ್ನೆಲ್ಲ ಹೇಳಬೇಕೆಂದೇ ಬಾಯಿ ತೆರೆದೆ.
ಬಂದದ್ದು,
ಇಬ್ಬರೂ ಒಳ್ಳೆಯ ಮಕ್ಕಳು ಸ್ವಾಮಿ.
ಸಾಕ್ಷಿಗೆ ಸರಿಯಾಗಿ ನೆನಪಿಲ್ಲ, ಎಂದು ಬರೆಸಿಕೊಂಡರು.

ಭತ್ತೆ ಮುನ್ನೂರು ಕೊಟ್ಟು ಸಹಿ ಹಾಕಿಸಿದರು.
ಆ ರಾಗಕ್ಕೆ ಮೂರನೇ ಸಲ ಬಂದ ದುಡ್ಡು.

ಹೊರಡುವಾಗ ಟೈಪಿಸ್ಟ್ ಕಾಗದ ಜೋಡಿಸುತ್ತ
ಗುನುಗುತ್ತಿದ್ದಳು.
ಕೊನೆಯ ಸ ಹಾಡದೆ ಮೇಲೆ ನೀಗೆ ಹೋದಳು.
ಅಲ್ಲಮ್ಮ, ಎಂದು ತಿದ್ದಲು ತಿರುಗಿದೆ.
ಇನ್ನೊಮ್ಮೆ ಹಾಗೇ ಹಾಡಿದಳು.
ಸುಮ್ಮನೆ ಕೇಳುತ್ತ ನಿಂತೆ.