ಕಾಯತಾನನ ಹೆಸರಿನ ಬಿಲ್ಲು

ವೀಜ್ ತುಜೆಂ, ಉದಕ್ ತುಜೆಂ, ಘರ್ ಮ್ಹಜೆಂ.
ಕೀಲಿ ಕೊಡೂವಾಗ ಪಿಯೆದಾದ್ ಬಾಯಿ
ಮೂರು ಬೆರಳು ಮಡಚಿ ಹೇಳಿದ ಕರಾರು ಇಷ್ಟಽ.
ಕಾಗದಿಲ್ಲ, ಸ್ಟ್ಯಾಂಪಿಲ್ಲ.
ಮ್ಹಾಪ್ಸಾ ಪ್ಯಾಟಿ ಹಿಂದ ಎರಡು ಖೋಲಿ, ಒಂದು ಬಚ್ಚಲ,
ಗ್ವಾಡಿಗೊಂದು ಮೀಟರು.

ನಾ ಇಸ್ತ್ರಿ ಮಾಡಾಕಿ.
ಊರಾಗ ಇದ್ದಲಿತ್ತು, ಬೂದಿ ಇತ್ತು,
ಮಾಸ್ತರ ಧೋತರಕ್ಕ ಕಿಡಿ ಹಾರಿ ಬೈಸಿಕೊಂಡದ್ದಿತ್ತು.
ಇಲ್ಲಿ ವಯರು. ಹೋಟೆಲಿನ ಚಾದರ, ದಿಂಬಿನ ಚೀಲ,
ಆದಿತ್ಯವಾರ ಇಗರ್ಜಿಗೆ ಹೋಗೋರ ಕೋಟು.
ಎಷ್ಟು ಸುಟ್ಟರ ಎಷ್ಟು ಉಳದೀತು,
ನಿದ್ದಿಗಣ್ಣಾಗ ಕೇಳ್ರಿ, ಹೇಳತೀನಿ.

ಬಿಲ್ಲು ಬರೂದು ಕಾಯತಾನ ಮಿಂಗೆಲನ ಹೆಸರಿಗೆ.
ಬಾಯಿಯ ಮಾವ. ಸತ್ತು ಹತ್ತೊಂಬತ್ತು ವರ್ಷ.
ಕಿಟಕಿಯಾಗಿನ ಮನಶಾ ನೋಟು ಎಣಿಸಿ
"ಕಾಯತಾನ?" ಅಂತಾನ. ನಾ "ಹೂಂ" ಅಂತೀನಿ.
ತಿಂಗಳಿಗೊಮ್ಮೆ ಇಳಕಲ್ ಸೀರಿ ಉಟಗೊಂಡು
ಹಣಿಗೆ ಕುಂಕುಮ ಹಚಗೊಂಡು
ಕಾಯತಾನ ಆಗಿ ಬರತೀನಿ.

ಶಿರಹಟ್ಟಿಗೆ ತಂಗಿ ಕುಬಸಕ್ಕ ಹೊಂಟ ರಾತ್ರಿ
ಮೇನ್ ಸ್ವಿಚ್ ಇಳಿಸಿ, ಬ್ಯಾಟರಿ ಹಿಡದು ಕೀಲಿ ಹುಡಕೂವಾಗ
ಮೀಟರಿನ ಕೆಂಪು ಚುಕ್ಕಿ
ಕಣ್ಣು ಹೊಡೀತು.
ಮತ್ತ ಹೊಡೀತು.
ದೀಪಿಲ್ಲ, ಪಂಖಾ ಇಲ್ಲ, ಇಸ್ತ್ರಿ ತಣ್ಣಗೈತಿ.
ನನ್ನ ತಾಟಿನ್ಯಾಗ ಇದು ಯಾರ ಕೈ?

ಗಂಡ ಬಾಗಿಲ್ದಾಗ "ಬಸ್ಸು, ಬಸ್ಸು" ಅಂತಿದ್ದ.
ನಾ ವಯರಿನ ಬೆನ್ನು ಹತ್ತಿದೆ.
ಸ್ವಿಚ್ಚಿಗಿಂತ ಮೊದಲಽ ಕವಲೊಡೆದದ್ದು,
ತೊಲಿ ಹಿಡದು, ಹಂಚಿನ ಸಂದಿ ದಾಟಿ,
ಹಲಸಿನ ಗಿಡಕ್ಕ ಒಂದು ಸುತ್ತು ಹಾಕಿ
ಅಂಗಳದ ತುದಿಗೆ ಖುರ್ಸಾದ ಬುಡಕ್ಕ ಇಳದಿತ್ತು.
ಸುಣ್ಣದ ಶಿಲುಬಿ, ಒಣಗಿದ ಚೆಂಡುಹೂವಿನ ಮಾಲಿ,
ಒಂದು ಝೀರೋ ಬಲ್ಬು.
ಏಳು ವರ್ಷ ಅದರ ಮುಂದ ಹಾಯೂವಾಗ ಕೈ ಮುಗದೀನಿ.
ನನ್ನ ರೊಕ್ಕಕ್ಕ ನಾನಽ ಮುಗದಿದ್ದೆ.

"ಹರದು ಒಗಿ" ಅಂದ ಗಂಡ, ಬಸ್ಸಿನ್ಯಾಗ ಮಲಗಿದ.
ಚೋರ್ಲಾ ಘಾಟಿನ ತಿರುವಿಗೊಂದು ಗುಣಾಕಾರ:
ಹೆಸರು ಝೀರೋ, ತಿನ್ನೂದು ಹದಿನೈದು ವ್ಯಾಟು,
ಹನ್ನೆರಡು ತಾಸು, ಮೂವತ್ತು ರಾತ್ರಿ,
ತಿಂಗಳಿಗೆ ಹದಿನೆಂಟು ರೂಪಾಯಿ.
ಬೆಳಗಾವಿ ಬರೂದ್ರಾಗ
ಸಾವಿರದ ಐನೂರಾ ಹನ್ನೆರಡು ಆಗಿತ್ತು.

ಒಂದನೇ ತಾರೀಖು ಬಾಡಿಗ್ಯಾಗ ಹದಿನೆಂಟು ಮುರಕೊಂಡೆ.
ಲಕೋಟಿ ಮ್ಯಾಲೆ ಬರದೆ: ಖುರ್ಸಾ, ಹದಿನೆಂಟು.
ಹಿಂದಿಂದು ಬಿಟ್ಟೆ. ಬಿಟ್ಟೆ ಅಂದ್ರ ಮರತೆ ಅಂತಲ್ಲ.

ಶುಕ್ರವಾರದ ಸಂತಿ ಮುಗಿಸಿ ಬಾಯಿ ಬಂದಳು,
ಕೈತುಂಬ ಚೊರೀಸದ ವಾಸನಿ.
ಲಕೋಟಿ ನೋಡಿದಳು, ವಯರು ನೋಡಿದಳು.
"ಮಾವ ಹಾಕಿಸಿದ್ದು. ಅವನ ಹರಕಿ."
"ಹರಕಿ ಅವರದು, ಬಿಲ್ಲು ನಂದೇನ್ರಿ?"
ನಕ್ಕಳೋ ಸಿಟ್ಟಾದಳೋ, ಹೊಳ್ಳಿ ಹೋದಳು.

ಮರುವಾರ ಮಗಳ ಸಾಲ್ಯಾಗ ವಿಳಾಸದ ಪುರಾವೆ ಕೇಳಿದರು.
ಈ ಊರಿನ ಒಂದು ಕಾಗದದಾಗೂ ನನ್ನ ಹೆಸರಿಲ್ಲ.
ಎಂಬತ್ನಾಕು ರಸೀತಿ ಒಯ್ದು ಟೇಬಲ್ ಮ್ಯಾಲೆ ಇಟ್ಟೆ.
ಕಾರಕೂನ ಚಷ್ಮಾ ಏರಿಸಿ ಕೇಳಿದ:
ಈ ಕಾಯತಾನ ನಿಮಗ ಏನಾಗಬೇಕು?

ಏನಾಗಬೇಕು?
ಅವನ ಹೆಸರಿಲೆ ನಾ ಬೆಂದೀನಿ,
ನನ್ನ ರೊಕ್ಕದಾಗ ಅವ ಉರದಾನ.
ಅವರ ಫಾರ್ಮಿನ್ಯಾಗ
ತಂದಿ, ಗಂಡ, ಪಾಲಕ, ಇತರೆ.
ಇತರೆ ಅಂದೆ.

ಮುಂದಿನ ಒಂದನೇ ತಾರೀಖಿಗೆ ಬಾಯಿಯ ಮಗ ಬಂದ.
ಬಾಡಿಗಿ ಪೂರಾ ಎಣಿಸಿ ತಗೊಂಡ.
ಇಪ್ಪತ್ತರ ನೋಟು ಒಂದು ನನ್ನ ಕೈಗಿಟ್ಟು
ಅಲ್ಲೇ ನಿಂತ, ಕಾಲಿಂದ ಕಾಲಿಗೆ ಭಾರ ಹಾಕಿಕೋತ.
"ಮತ್ತೇನಪಾ?"
"ಮಾಂಯ್ ಹೇಳ್ಯಾಳ, ಎರಡು ರೂಪಾಯಿ ವಾಪಸ್ ತಾ ಅಂತ."

ಚಿಲ್ಲರಿ ಇರಲಿಲ್ಲ.
ಮೀಟರಿನ ಕೆಳಗ ಗ್ವಾಡಿಗೆ
ಸೀಸಪೆನ್ನಿಲೆ ಬರಕೊಂಡೆ:
ಕಾಯತಾನಗ ನಾ ಕೊಡಬೇಕಾದ್ದು,
ಎರಡು.